ಲಾಭ, ಎರಡು, ಮೂರು

ಶಿಕಾರಿಪುರದ ಕಡೆ ಆ ಹೆಸರು ಹೊಸತಲ್ಲ,
ಬೀದಿಗೊಬ್ಬ ಹುಚ್ಚರಾಯಪ್ಪ.
ಆದರೂ ನಮ್ಮ ಡಾಕ್ಟರು ರಜೆಯ ಅರ್ಜಿ ಬರೆದಿಟ್ಟು
ಯುದ್ಧಕ್ಕೆ ಹೊರಟಾಗ,
ಹೊಡೆಯುವುದಕ್ಕಲ್ಲ, ಹೊಲಿಯುವುದಕ್ಕೆ,
ಶಿವಮೊಗ್ಗದ ಆಸ್ಪತ್ರೆ ಕ್ಯಾಂಟೀನು ನಕ್ಕಿತು:
'ಹೆಸರು ಕೊನೆಗೂ ಕೆಲಸಕ್ಕೆ ಬಂತು.'

ಏಳು ತಿಂಗಳು.
ಅವರ ಹರ್ನಿಯಾಗಳೆಲ್ಲ ಕಾದವು.
ನಾನು ಥಿಯೇಟರಿನ ಸಿಸ್ಟರ್, ಕತ್ತರಿ ಎಣಿಸುವವಳು;
ಅವರ ಅಳತೆಯ ಗ್ಲೌಸು, ಏಳೂವರೆ,
ಯಾರಿಗೂ ಕೊಡದೆ ಬೀರುವಿನ ಹಿಂದಕ್ಕೆ ತಳ್ಳಿಟ್ಟೆ.

ಬಂದರು. ಬೆಲ್ಟಿಗೆ ಎರಡು ಹೊಸ ತೂತು.
ಯಾವ ಊರು ಸರ್, ಅಂದರೆ ಹೇಳಲಿಲ್ಲ:
'ಹೇಳಿದರೆ ಯಾರ ಕಡೆ ಅಂತ ಕೇಳ್ತೀರಿ.'
ಅಷ್ಟಿಷ್ಟು ಸಿಕ್ಕಿದ್ದು, ಟೀ ಹೊತ್ತಿನಲ್ಲಿ:
ಅದೊಂದು ಶಾಲೆಯ ನೆಲಮಾಳಿಗೆ,
ಕರಿಹಲಗೆಯ ಮೇಲೆ ಯಾರೋ ಅರ್ಧಕ್ಕೆ ಬಿಟ್ಟ ಭಾಗಾಕಾರ.
ಕರೆಂಟು ಹೋದರೆ ಮೊಬೈಲಿನ ಬೆಳಕು,
ಹಿಡಿದು ನಿಲ್ಲುವವಳು ಮಲಗಿದವನ ತಂಗಿ.
ಕತ್ತರಿ, ಇಕ್ಕಳ ಬೇಯುವುದು ಅಡುಗೆಯ ಕುಕ್ಕರಿನಲ್ಲಿ.
ಎಷ್ಟು ಸೀಟಿ ಸರ್?
'ಸೀಟಿ ಕೇಳಿಸುವಷ್ಟು ಸದ್ದು ನಿಲ್ಲಬೇಕಲ್ಲ ಸಿಸ್ಟರ್.'

ತೆಗೆದ ಲೋಹದ ಚೂರನ್ನು ಬಟ್ಟಲಿಗೆ ಹಾಕುವಾಗ
ಬಾಯಿಗೆ ಬಂದದ್ದು ಅಜ್ಜಿಯ ಎಣಿಕೆಯಂತೆ.
ಕಣದಲ್ಲಿ ಕೊಳಗ ಹಿಡಿದು ಭತ್ತ ಅಳೆಯುವಾಗ
ಒಂದು ಅನ್ನಬಾರದು:
ಲಾಭ. ಎರಡು. ಮೂರು.
ಒಬ್ಬಳ ತೊಡೆಯಿಂದ ಹನ್ನೊಂದರ ತನಕ ಹೋಯಿತಂತೆ.
ವಾರದೊಳಗೆ ಆ ನೆಲಮಾಳಿಗೆ ಒಂದು ಮಾತು ಕಲಿಯಿತು.
ಬಟ್ಟಲು ಟಣ್ ಅಂದರೆ ಸಾಕು,
ಅಲ್ಲಿಯ ನರ್ಸುಗಳು ಒಟ್ಟಿಗೆ, ಲಾಭಾ!
ನಮ್ಮ ಕಡೆಯ ದೇವರ ಹೆಸರು ಅಂದುಕೊಂಡಿದ್ದರಂತೆ.

ಇನ್ನೊಂದು, ಒಮ್ಮೆ ಮಾತ್ರ ಹೇಳಿದ್ದು,
ಕೈ ತೊಳೆಯುತ್ತ, ನನ್ನ ಕಡೆ ತಿರುಗದೆ.
ಬಾಗಿಲಲ್ಲಿ ನಿಂತು ಆರಿಸಬೇಕಿತ್ತು:
ಈಗ. ಆಮೇಲೆ. ಬೇಡ.
ನೆಲಕ್ಕೆ ಸೀಮೆಸುಣ್ಣದ ಮೂರು ಗೆರೆ.
'ಬೇಡ ಅಂದೆನಲ್ಲ, ಆ ಹುಡುಗ
ನನ್ನ ಕೈಗಡಿಯಾರ ತೋರಿಸಿ
ಗಂಟೆ ಎಷ್ಟು ಅಂತ ಸನ್ನೆಯಲ್ಲಿ ಕೇಳಿದ.
ಹೇಳಿದೆ.'
ನಲ್ಲಿ ಸುರಿಯುತ್ತಲೇ ಇತ್ತು,
ತುಂಗೆಯ ನೀರು, ಎಷ್ಟು ಕೊಡವೋ.

ಆಮೇಲೆ ಇಲ್ಲೇ, ನಮ್ಮ ಊರಲ್ಲೇ, ಆ ರಾತ್ರಿ.
ಒಂದು ಬ್ಯಾನರು. ಯಾರೋ ಹರಿದರು, ಯಾರೋ ನೋಡಿದರು.
ಎರಡು ಆಟೋ, ಇಬ್ಬರು ಹುಡುಗರು,
ಬೀದಿ ಬೇರೆ, ಆಸ್ಪತ್ರೆಗೆ ಗೇಟು ಒಂದೇ.
ಒಬ್ಬನದು ಹೊಟ್ಟೆ, ಒಬ್ಬನದು ಕುತ್ತಿಗೆಯ ಪಕ್ಕ.
'ನಮ್ಮ ಹುಡುಗನ್ನ ಮೊದಲು ನೋಡಿ!'
ಎರಡು ಕಡೆಯಿಂದಲೂ ಅದೇ ಮಾತು,
ಅದೇ ಶಿವಮೊಗ್ಗದ ಎಳೆತ.

ಡಾಕ್ಟರು ನನ್ನ ಕೈಯ ಕೇಸ್‌ಶೀಟು ಕಿತ್ತುಕೊಂಡು
ಬೆನ್ನಿಗೆ ಮಾರ್ಕರಿನಲ್ಲಿ ಬರೆದರು:
'ಚಪ್ಪಲಿ, ಕತ್ತಿ, ಹೆಸರು
ಹೊರಗೆ ಬಿಟ್ಟು ಬನ್ನಿ.'
ಥಿಯೇಟರಿನ ಬಾಗಿಲಿಗೆ ಮೊಳೆ ಜಡಿದರು,
ಮೂಳೆ ವಿಭಾಗದ ಸುತ್ತಿಗೆಯಿಂದ.
ಒಬ್ಬ ಮುದುಕ ಅಕ್ಷರ ಕೂಡಿಸಿ ಓದಿ ಚಪ್ಪಲಿ ಕಳಚಿದ.
ಉಳಿದವರು ಏನು ಬಿಟ್ಟರೋ, ನೋಡಲು ಪುರುಸೊತ್ತಿರಲಿಲ್ಲ.

ಮೇಜು ಎರಡು, ಸರ್ಜನ್ ಒಬ್ಬರು.
'ಕುತ್ತಿಗೆ ಈಗ. ಹೊಟ್ಟೆಗೆ ಇನ್ನೂ ಇಪ್ಪತ್ತು ನಿಮಿಷ ಇದೆ.'
ಮೂರನೆಯ ಗೆರೆ ಆ ರಾತ್ರಿ ಬೇಕಾಗಲಿಲ್ಲ.
ಇಬ್ಬರ ಮಣಿಕಟ್ಟಿಗೂ ಕಪ್ಪು ದಾರ;
ಯಾವ ದೇವರದೆಂದು ಕೇಳದೆ ಕತ್ತರಿಸಿದೆ,
ಸೂಜಿಗೆ ನರ ಸಿಗಬೇಕಲ್ಲ.
ಐದು ಗಂಟೆಗೆ, ಒಳಗೊಂದೂ ಉಳಿಯಬಾರದೆಂದು
ನೆನೆದ ಗಾಜ್‌ಬಟ್ಟೆ ಎಣಿಸಲು ಕೂತೆವು.
ಅವರು ಲಾಭ ಅಂದರು.
ನಾನು ಎರಡು ಅಂದೆ.

ಹತ್ತಕ್ಕೆ ಸೂಪರಿಂಟೆಂಡೆಂಟರು ಬಂದರು.
ಮೊಹರಿಲ್ಲದ ನೋಟೀಸು ಯಾರದ್ದು, ತೆಗೆಯಿರಿ.
ಪೊಲೀಸರ ರಿಜಿಸ್ಟರಿಗೆ ಹೆಸರು ಬೇಕೇ ಬೇಕು, ತಂದೆಯದೂ.
ಬರೆದುಕೊಟ್ಟೆ. ಅದೂ ನನ್ನದೇ ಕೆಲಸ.
ಕಾಗದ ಬಂತು, ಮೊಳೆ ಬರಲಿಲ್ಲ,
ಮೂಳೆಯವರ ಸುತ್ತಿಗೆಯ ಏಟು, ಆಳಕ್ಕೆ ಕೂತಿದೆ.
ಬೀರುವಿನ ಕೀಲಿಕೈ ಈಗ
ಅದಕ್ಕೇ ತೂಗುಹಾಕುತ್ತೇನೆ.