ಚೆಕ್ಕುಬಂದಿ

ಅಪ್ಪ ಬರೆದ ಮೊದಲ ಪತ್ರದಲ್ಲಿ ಶೆಟ್ಟರದ್ದು
ಸಂತೆಪೇಟೆಯ ಹನ್ನೆರಡಡಿ ಮಳಿಗೆ.
ಪೂರ್ವಕ್ಕೆ ಹುಸೇನ್ ಸಾಬರ ಹಗ್ಗದಂಗಡಿ,
ಪಶ್ಚಿಮಕ್ಕೆ ಮೋರಿ,
ಉತ್ತರಕ್ಕೆ ಕಾಳಮ್ಮ ಎಂಬುವರ ಹಿತ್ತಿಲು,
ದಕ್ಷಿಣಕ್ಕೆ ರಸ್ತೆ.
ಒಳಗೆ, ಯಾವ ದಿಕ್ಕಿನ ಲೆಕ್ಕಕ್ಕೂ ಸಿಗದ ಹಾಗೆ,
ವೆಂಕಮ್ಮನವರು ಕೂತು ಊದುಬತ್ತಿ ಹೊಸೆಯುತ್ತಿದ್ದರಂತೆ,
ಅಂಗೈ ಕರ್ರಗೆ, ಉಸಿರಲ್ಲಿ ಹಾಲುಮಡ್ಡಿ.

ಮಗ ರಾಧಾರಮಣ ಶೆಟ್ಟರ ಕಾಲಕ್ಕೆ
ನಾನು ಅಪ್ಪನ ಪಕ್ಕ ಛಾಪಾ ಕಾಗದ ಎಣಿಸುತ್ತಿದ್ದೆ.
ಮೂರು ಗಿಳಿ ಊದುಬತ್ತಿ ಮೂರು ಗಿಳಿ ಹಲ್ಲುಪುಡಿಯಾಯಿತು,
ಲಾರಿಯಾಯಿತು, ನಂಜನಗೂಡು ರಸ್ತೆಯಲ್ಲಿ ರಟ್ಟಿನ ಕಾರ್ಖಾನೆಯಾಯಿತು,
ಒಂದು ಟಾಕೀಸೂ ಆಯಿತು. ಅದು ಮಾತ್ರ ಓಡಲಿಲ್ಲ,
ಕುರ್ಚಿ ಕಿತ್ತು ಕಲ್ಯಾಣಮಂಟಪ ಮಾಡಿದರು.
ಹುಸೇನ್ ಸಾಬರ ಹಗ್ಗ ಪತ್ರದಿಂದ ಕಳಚಿತು.
ಕಾಳಮ್ಮ ಎಂಬುವರು ಹೆಬ್ಬೆಟ್ಟು ಒತ್ತಿ
ಸೆರಗಿಗೆ ಮಸಿ ಒರೆಸಿಕೊಂಡು ಹೋದರು.
ಮೋರಿಗೂ ಚಪ್ಪಡಿ ಬಿತ್ತು.

ಈಗ ಮೊಮ್ಮಗ ಪ್ರದ್ಯುಮ್ನ. ಬೋರ್ಡಿನ ಮೇಲೆ 'ಸಮೂಹ ಸಂಸ್ಥೆ'.
ಹದಿನೇಳು ಕಂಪನಿ. ಅದರಲ್ಲಿ ಆರಕ್ಕೆ ಬಾಗಿಲೇ ಇಲ್ಲ,
ನನ್ನ ಕಂಪ್ಯೂಟರಿನಲ್ಲಿ ಹೆಸರಿದೆ, ಅಷ್ಟೆ.
ಹೆಬ್ಬಾಳಿನ ಜಾಗ ಬರೆಯುವಾಗ
ಪೂರ್ವಕ್ಕೆ ತಮ್ಮದೇ ಸ್ವತ್ತು,
ಪಶ್ಚಿಮಕ್ಕೆ ತಮ್ಮದೇ ಸ್ವತ್ತು,
ಉತ್ತರಕ್ಕೆ... ಬೆರಳು ತಾನಾಗಿ ಓಡಿತು.
ದಕ್ಷಿಣಕ್ಕೆ ಬಂದಾಗ ನಿಲ್ಲಿಸಿ ಕೇಳಿದೆ:
ಸಾರ್, ರಸ್ತೆ?
ಅದೂ ನಮ್ಮದೇ, ಅಂದರು, ಫೋನಿನಿಂದ ಮುಖ ಎತ್ತದೆ.

ತಲೆಮಾರಿಗೊಮ್ಮೆ ಹಕ್ಕು ಬಿಡುಗಡೆ ಪತ್ರ ಬರುತ್ತದೆ.
ಕಾರಿನಿಂದ ಹೆಣ್ಣುಮಕ್ಕಳು ಇಳಿಯುತ್ತಾರೆ.
ಅರಿಶಿನ ಕುಂಕುಮದ ಬಾಬ್ತು ಇಷ್ಟು ಸಂದಿದೆ,
ಯಾರ ಬಲವಂತವೂ ಇಲ್ಲದೆ, ಸ್ವಸಂತೋಷದಿಂದ.
ಸೋದರತ್ತೆಯರು ಅಪ್ಪನ ಕೈಬರಹದಲ್ಲಿ,
ಹಿರಿಯಕ್ಕ ನನ್ನ ಟೈಪಿನಲ್ಲಿ,
ವಾಕ್ಯ ಅದೇ. ಬದಲಾಗುವುದು ಸೀರೆಯ ಬೆಲೆ.

ಮೊನ್ನೆ ಕಿರಿಯವರು ಬಂದರು, ವೈಜಯಂತಿ.
ನಜರ್‌ಬಾದಿನ ಹೊಂಗೆ ಮರದಡಿ ನನ್ನ ಸ್ಟೂಲಿನಲ್ಲಿ ಕೂತು
ಪೂರಾ ಓದಿದರು. ಯಾರೂ ಓದುವುದಿಲ್ಲ.
"ಸಹಿ ಹಾಕ್ತೀನಿ. ಸ್ವಸಂತೋಷ ಅನ್ನೋದನ್ನ ಮಾತ್ರ ತೆಗೀರಿ."
ವಕೀಲರು ನಕ್ಕರು. ಅಣ್ಣ ನಗಲಿಲ್ಲ.
"ಅದು ಪದ್ಧತಿ, ತಾಯಿ," ಅಂದೆ.
"ಪದ್ಧತಿಯೇ ಆದರೆ ನನ್ನ ಸಹಿ ಯಾಕೆ?"

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ
ಆ ಪದದ ಮೇಲೆ ಕರ್ಸರ್ ತಂದಿಟ್ಟೆ.
ಅಳಿಸಿದ ಕೂಡಲೇ ಸಾಲು ತಾನೇ ಸರಿದು ಕೂಡಿಕೊಂಡಿತು,
ಅಲ್ಲೇನೂ ಇರಲೇ ಇಲ್ಲ ಎಂಬಂತೆ.
ಅವರು ಸಹಿ ಹಾಕಿ, ಎಡಗೈ ಹೆಬ್ಬೆರಳು ಒತ್ತಿ,
ಮಸಿಯಾದ ಬೆರಳನ್ನು ಯಾಕೋ ಮೂಸಿ ನೋಡಿಕೊಂಡರು.

ಸಂಜೆ ಕ್ಯಾತಮಾರನಹಳ್ಳಿಯ ನಮ್ಮ ಮನೆಗೆ,
ಇಪ್ಪತ್ತು ಮೂವತ್ತರ ಸೈಟು,
ಗೌರಿ ಬಾಗಿನಕ್ಕೆಂದು ತಂಗಿ ಬಂದಿದ್ದಳು.
ನಾನು ಕೊಟ್ಟ ದುಡ್ಡು ಎಣಿಸದೆ ಪರ್ಸಿಗಿಟ್ಟು
ಬಚ್ಚಲ ಗೋಡೆ ತೇವ ಹಿಡಿದಿದೆ ಅಣ್ಣ, ನೋಡಿಸು, ಅಂದಳು,
ಅವಳು ಹುಟ್ಟಿದ ಮನೆಯ ಗೋಡೆ.
ಅವಳದ್ದನ್ನೂ ನಾನೇ ಬರೆದದ್ದು.
ಫೀಸು ತಗೊಂಡಿರಲಿಲ್ಲ.