ಹನ್ನೊಂದನೆಯ ಪೀಪಾಯಿ

ಪೀಪಾಯಿ ಉಸಿರಾಡುತ್ತದೆ ಅಂದರೆ
ನಮ್ಮತ್ತೆ ನಗುತ್ತಾಳೆ.
ಸುಲ್ತಾನಪೇಟೆ ದಾಟಿ ನಮ್ಮ ನೆಲಮಾಳಿಗೆಗೆ ಬಾ,
ಮರಕ್ಕೆ ಕಿವಿ ಇಟ್ಟು ಕೇಳು ಅಂದೆ.
ಮಂಡಿನೋವು ಅಂದಳು.

ತಿಂಗಳಿಗೊಂದು ಚೊಂಬು
ಓಕ್ ಹಲಗೆಯ ಒಳಗಿಂದ ಗಾಳಿಗೆ ಹೋಗುತ್ತದೆ.
ಕಳ್ಳನಿಲ್ಲ, ಸೋರಿಕೆಯಿಲ್ಲ.
ಹೋದಷ್ಟನ್ನು ತುಂಬುವುದು ನನ್ನ ಕೆಲಸ,
ಹದಿನಾಲ್ಕು ವರ್ಷದಿಂದ, ಒಂದೇ ಲಾಳಿಕೆಯಲ್ಲಿ.
ತುಂಬದೆ ಬಿಟ್ಟರೆ ಆ ನಾಲ್ಕು ಬೆರಳ ಖಾಲಿಯಲ್ಲಿ
ಹುಳಿ ಬಂದು ಕೂರುತ್ತದೆ.

ದೊಡ್ಡ ಮನೆತನದ ಹಣ್ಣುಗಳು, ಅನ್ನುತ್ತಾನೆ ಮೇಸ್ತ್ರಿ ಪಾಪಯ್ಯ,
ಬೇರು ಫ್ರಾನ್ಸಿನದು, ನಿಂತದ್ದು ಮಾತ್ರ ನಂದಿಯ ಕೆಮ್ಮಣ್ಣಲ್ಲಿ,
ನಮ್ಮ ಕಲ್ಲುಕಂಬದ ತಂತಿಗೆ ಕೈ ಕೊಟ್ಟು.
ಕ್ಯಾಬರ್ನೆ ಮುಂಗೋಪಿ,
ಕಾಯಿ ನೇರಳೆಯ ಹಾಗೆ ನಾಲಿಗೆಯನ್ನು ಹಿಡಿದೆಳೆಯುತ್ತದೆ.
ಶಿರಾಜ್‌ಗೆ ಮೆಣಸು ಅರೆದ ಒರಳಿನ ಘಾಟು.
ಮೆರ್ಲೊ ಬಗ್ಗೆ ಹೇಳುವುದೇನಿಲ್ಲ,
ಯಾರ ಪಕ್ಕ ಕೂರಿಸಿದರೂ ಕೂರುತ್ತದೆ.

ಹೊಸತೊಡಕಿನ ದಿನ. ಎಲ್ಲರ ಮನೆಯಲ್ಲೂ ಕುರಿಬಾಡು.
ಬೀಗದ ಕೈ ಸೊಂಟದಲ್ಲಿಟ್ಟುಕೊಂಡೇ
ಪಾಪಯ್ಯ ಮಗಳ ಊರಿಗೆ ಹೋಗಿದ್ದ.
ಹತ್ತು ಪೀಪಾಯಿ ತುಂಬುವಷ್ಟರಲ್ಲಿ
ನನ್ನ ಕ್ಯಾನು ಖಾಲಿ.
ಹನ್ನೊಂದನೆಯದು ಬಾಯಿ ತೆರೆದು ನಿಂತಿದೆ,
ಹಾಲಿಗೆ ಅಳುವ ಕೂಸಿನ ಹಾಗೆ.

ಆಚೆ ಶೆಡ್ಡಿನಲ್ಲಿ, ಕ್ರಿಸ್‌ಮಸ್‌ಗೆ ಮಾರುವ
ಅಗ್ಗದ ಸಿಹಿ ವೈನಿತ್ತು,
ಬೆಂಗಳೂರು ಬ್ಲೂ ಹಣ್ಣಿನದು.
ಸಂತೆಯಲ್ಲಿ ಮಂಕರಿಗಟ್ಟಲೆ ಸುರಿದು ಕೂಗುವ ಹಣ್ಣು,
ಚಿಕ್ಕಂದಿನಲ್ಲಿ ಲಂಗದ ಮಡಿಲಲ್ಲಿ ಕಟ್ಟಿಕೊಂಡು ಓಡುವಾಗ
ಒಡೆದು, ತೊಡೆಗೆ ಬಣ್ಣ ಹತ್ತಿ,
ಎರಡು ದಿನ ಹೋಗದೆ ಉಳಿದ ಹಣ್ಣು.
ಎರಡು ಚೊಂಬು ತಂದೆ.
ಹುಯ್ದೆ.
ಬಿರಡೆ ಬಡಿದೆ.
ಮನೆಗೆ ಹೋಗಿ ನಾನೂ ಬಾಡೂಟ ಉಂಡೆ.

ಕಾರ್ತೀಕದಲ್ಲಿ ನಾಸಿಕ್‌ನಿಂದ ದೇಶಮುಖ್ ಮೇಡಂ ಬಂದರು.
ಗಾಜಿನ ಕೊಳವೆ, ಬಿಳಿ ಮೇಜುಬಟ್ಟೆ,
ಉಗಿಯಲು ಸ್ಟೀಲ್ ಬಕೆಟ್ಟು. ಬಕೆಟ್ಟು ಹಿಡಿದವಳು ನಾನು.
ಐವತ್ತೆಂಟು, ಮೂವತ್ತು, ಹನ್ನೆರಡು,
ಬೆರೆಸುವರು, ಮೂಸುವರು, ಉಗಿಯುವರು,
ಇಲ್ಲ ಅನ್ನುವರು.
ನನಗೆ ಬಸ್ಸಾರು ನೆನಪಾಯಿತು:
ಹುರುಳಿಯ ಕಟ್ಟು, ದಂಟಿನ ಕಟ್ಟು
ಒಂದಕ್ಕೊಂದು ಮುಖ ತಿರುಗಿಸಿಕೊಂಡಿದ್ದು
ಮಾರನೇ ಬೆಳಿಗ್ಗೆ ಒಂದೇ ಆಗಿರುತ್ತವೆ.
ಹೇಳಲಿಲ್ಲ. ಕೇಳಿದವರ್‍ಯಾರು?

ಹನ್ನೊಂದಕ್ಕೆ ಬಂದಾಗ
ಉಗಿಯುವುದನ್ನು ಮರೆತರು ಮೇಡಂ.
ಮತ್ತೆ ಮೂಸಿದರು. ಕಣ್ಣು ಮುಚ್ಚಿ ಮತ್ತೊಮ್ಮೆ.
ಇದರಲ್ಲಿ ಏನೋ ಹೂವಿದೆ, ಅಂದರು,
ಈ ಗುಡ್ಡದ್ದೇ ಯಾವುದೋ ಹೂವು.
ಪೂರಾ ಇದನ್ನು ಸೇರಿಸಿ, ಒಂದು ಲೋಟವೂ ಬಿಡಬೇಡಿ.
ಪಾಪಯ್ಯ ತನ್ನದೇ ಕೈಗುಣದಂತೆ ಮೀಸೆ ಸವರಿದ.
ನನ್ನ ಕೈಯಲ್ಲಿ ಬಕೆಟ್ಟು
ಸ್ವಲ್ಪ ತುಳುಕಿತು.

ಮೂರು ಸಾವಿರ ಬಾಟಲಿಯಾಯಿತು.
ರಾತ್ರಿ ಮಲಗಿ ಲೆಕ್ಕ ಹಾಕಿದೆ, ಎರಡು ಚೊಂಬು ಹಂಚಿದರೆ
ಒಂದೊಂದಕ್ಕೆ ಹನ್ನೆರಡೋ ಹದಿಮೂರೋ ಹನಿ.
ಚೀಟಿಯ ಮೇಲೆ ಚಿನ್ನದ ಅಕ್ಷರ:
ಮೂರೇ ಹೆಸರು, ಕೂಡಿದರೆ ಸರಿಯಾಗಿ ನೂರು.
ಬೆಲೆ ನನ್ನ ಆರು ದಿನದ ಕೂಲಿ.

ಕೆಲಸದವರಿಗೆಲ್ಲ ಒಂದೊಂದು ಕೊಟ್ಟರು.
ಅಡುಗೆಮನೆಯ ಗೂಡಲ್ಲಿ, ಎಣ್ಣೆ ಸೀಸೆಯ ಪಕ್ಕ ಇಟ್ಟು
ಒಂದು ಸಂಜೆ ತೆಗೆದೆ.
ಜನ್ಮದಲ್ಲಿ ಒಂದು ಗುಟುಕು ಮುಟ್ಟದ ನಮ್ಮತ್ತೆ
ಸೊಪ್ಪು ಸೋಸುತ್ತಿದ್ದವಳು ಮೂಗೆತ್ತಿ,
ಆರಡಿ ದೂರದಿಂದಲೇ,
'ಏನಮ್ಮಿ ರತ್ನಿ,
ಬಚ್ಚಣ್ಣನ ತ್ವಾಟದ ದ್ರಾಕ್ಷಿ ವಾಸ್ನೆ ಬತ್ತೈತೆ' ಅಂದಳು.

ನಾಸಿಕ್‌ವರೆಗೂ ಕೇಳಿಸಿತೇನೋ ಎಂಬಂತೆ
ಬೇಗ ಬಿರಡೆ ಒತ್ತಿದೆ.
ಅವಳು ನನ್ನನ್ನೇ ನೋಡಿದಳು,
ಒಂದು ಎಳೆ ದಂಟು ಮುರಿದಳು,
ಇನ್ನೊಂದು ಸಲ ತೆಗಿ, ನೋಡಾನ, ಅಂದಳು.