ನೀಲಿ ತೇಪೆ

ಅರಸೀಕೆರೆಯ ನಮ್ಮ ಮೈದಾನಕ್ಕೆ ಹುಲ್ಲೆಂಬುದಿಲ್ಲ;
ಕೆಮ್ಮಣ್ಣು, ಅದರ ಮೇಲೆ ಮೊಳೆ ಹೊಡೆದು ಬಿಗಿದ
ತೆಂಗಿನ ನಾರಿನ ಮ್ಯಾಟು.

ಹೋದ ವರ್ಷ ಹರಿಯಿತು,
ಸರಿಯಾಗಿ ಚೆಂಡು ಬೀಳುವ ಜಾಗದಲ್ಲೇ.
ನಾರಿನ ಕಾರ್ಖಾನೆಯ ಹಸೀನಮ್ಮ
ದಬ್ಬಳದಲ್ಲಿ ಹೊಲಿದುಕೊಟ್ಟಳು.
ಆವತ್ತು ಉಳಿದಿದ್ದ ಹುರಿ ನೀಲಿಯದೊಂದೇ.

ಅಂಗೈಯಗಲ.

ಅಲ್ಲಿಂದೀಚೆಗೆ ನಿರ್ವಾಣಿ
ಬ್ಯಾಟು ಹಿಡಿದವನ ಮುಖ ನೋಡುವುದಿಲ್ಲ,
ನೀಲಿಗೆ ಹಾಕುತ್ತಾನೆ, ಅಷ್ಟೆ.
ತಿಪಟೂರಿನವರು ಒಬ್ಬೊಬ್ಬರೇ ಹಿಂದಿರುಗಿ ನೋಡಿದರು:
ಚೆಂಡು ಎತ್ತ ಹೊರಳಿತು, ಗೂಟ ಯಾಕೆ ಬಿತ್ತು.
ಆಮೇಲೆ ಜಗಳ.
ಅಂಪೈರು ಬಗ್ಗಿ, ಹೊಲಿಗೆ ಸವರಿ,
‘ಗಟ್ಟಿಯಾಗೇ ಇದೆಯಲ್ರೀ’ ಅಂದರು.

ಏಳು ವಿಕೆಟ್ಟನ್ನೂ ನಿರ್ವಾಣಿಯ ಹೆಸರಿಗೇ ಬರೆದೆ;
ಪುಸ್ತಕದಲ್ಲಿ ಬೇರೆ ಕಾಲಮ್ಮಿಲ್ಲ.

ಬೇಲಿಯಾಚೆ ನಾರು ಹರವುತ್ತಿದ್ದ ಹಸೀನಮ್ಮ
ಗದ್ದಲ ಕೇಳಿ ತಲೆಯೆತ್ತಿದಳು:
‘ಯಾಕಪ್ಪಾ, ತೇಪೆ ಬಿಟ್ಟುಕೊಂಡಿತಾ?’